ವಂಶವೃಕ್ಷದಲ್ಲಿ ಕಾಣದ ಹೆಸರುಗಳು

ಪ್ರತಿಯೊಂದು ಮನೆತನಕ್ಕೂ ಒಂದು ಚರಿತ್ರೆಯುಂಟು. ಅದು ಅರಸರ ಮನೆತನವಾಗಿದ್ದರೆ ಶಾಸನಗಳಲ್ಲಿಯೂ ಕೈಫಿಯತ್ತುಗಳಲ್ಲಿಯೂ ಬರೆಹವಾಗಿ ನಿಂತಿರುತ್ತದೆ. ಒಕ್ಕಲು ಮನೆತನವಾಗಿದ್ದರೆ ಹಿರಿಯರ ನಾಲಗೆಯ ಮೇಲೆ ಮಾತ್ರ ಉಳಿದಿರುತ್ತದೆ. ನಾಲಗೆಯ ಮೇಲಿನ ಚರಿತ್ರೆಗೆ ಆಯುಸ್ಸು ಕಡಿಮೆ. ತುಂಬು ಬಾಳನ್ನು ಬಾಳಿದ ಒಬ್ಬ ಅಜ್ಜಿಯು ಲಿಂಗೈಕ್ಯಳಾದರೆ ಅವಳೊಡನೆ ಹಿಂದಿನ ಎರಡು ತಲೆಮಾರುಗಳು ಸದ್ದಿಲ್ಲದೆ ಮಣ್ಣುಗೂಡುತ್ತವೆ. ಈ ನಷ್ಟವನ್ನು ಅರಿತು ತಮ್ಮ ಮನೆತನದ ಮೂಲವನ್ನು ಅರಸಲು ಹೊರಟ ಹವ್ಯಾಸಿಗಳು ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ ಮೊದಲಾದ ಬಡಾವಣೆಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕಾಣಸಿಗುತ್ತಾರೆ. ಅವರ ಹವ್ಯಾಸವು ಸ್ತುತ್ಯರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಯಾರನ್ನು ಹುಡುಕುತ್ತದೆ, ಯಾರನ್ನು ಹುಡುಕದೆಯೇ ಬಿಟ್ಟುಬಿಡುತ್ತದೆ ಎಂಬುದನ್ನು ಒಮ್ಮೆ ವಿಚಾರಿಸಿ ನೋಡುವುದು ಅವಶ್ಯ.

ಇಂಥ ಹವ್ಯಾಸಿಯೊಬ್ಬನ ಒಂದು ವಾರವನ್ನು ಕಲ್ಪಿಸಿಕೊಳ್ಳುವುದು ಕಷ್ಟವೇನಲ್ಲ. ಚಿತ್ರದುರ್ಗದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಉಚಿತ ವಿದ್ಯಾರ್ಥಿನಿಲಯದ ಅನ್ನವನ್ನುಂಡು ಓದಿ, ಬೆಂಗಳೂರಿನಲ್ಲಿ ಉದ್ಯೋಗ ಹಿಡಿದು, ಜಯನಗರದಲ್ಲೊಂದು ಮನೆ ಮಾಡಿ ನಿವೃತ್ತನಾದ ಗೃಹಸ್ಥನೆಂದು ಇಟ್ಟುಕೊಳ್ಳಬಹುದು. ಮೊಮ್ಮಗನ ಪಾಸ್‌ಪೋರ್ಟಿನ ಅರ್ಜಿಯಲ್ಲಿ ಅಡ್ಡಹೆಸರನ್ನು ಬರೆಯಬೇಕಾದ ಜಾಗ ಖಾಲಿ ಉಳಿದಾಗ ಅವನಿಗೆ ಈ ಚಿಂತೆ ಹತ್ತಿತು. ಉತ್ತರ ಕರ್ನಾಟಕದವರು ಮನೆತನದ ಹೆಸರನ್ನು ತಮ್ಮ ಹೆಸರಿನ ಬೆನ್ನಿಗೇ ಕಟ್ಟಿಕೊಂಡಿರುತ್ತಾರೆ. ಹಳೆಯ ಮೈಸೂರು ಸೀಮೆಯವರಿಗೆ ಸಾಮಾನ್ಯವಾಗಿ ಆ ಅನುಕೂಲವಿಲ್ಲ. ಅವರ ಹೆಸರಿನ ಮುಂದೆ ಎರಡು ಅಕ್ಷರಗಳು ನಿಂತಿರುತ್ತವೆ, ಒಂದು ಊರಿನದು, ಇನ್ನೊಂದು ತಂದೆಯದು. ಪೇಟೆಯಲ್ಲಿ ಹುಟ್ಟಿದ ಮೊಮ್ಮಗನ ಹೆಸರಿನಿಂದ ಊರಿನ ಅಕ್ಷರ ಬಿದ್ದುಹೋಗಿದೆ. ಮುಂದಿನ ತಲೆಮಾರಿಗೆ ಆ ಊರು ಯಾವುದೆಂದು ತಿಳಿಯುವ ಬಗೆಯೇ ಇಲ್ಲ.

ಸೋಮವಾರ ಪೂಜೆ, ಉಪಾಹಾರಗಳನ್ನು ಮುಗಿಸಿ ಅವನು ಜಯನಗರದಲ್ಲಿ ಮೆಟ್ರೊ ಹತ್ತುತ್ತಾನೆ; ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ ವಿಧಾನಸೌಧದ ರಾಜ್ಯ ಪತ್ರಾಗಾರಕ್ಕೆ ಹೋಗುತ್ತಾನೆ. ಅಲ್ಲಿ ಹಿಂದಿನ ಮೈಸೂರು ಸರ್ಕಾರದ ಕಡತಗಳಿವೆ. (ಕಡತವೆಂಬುದು ಇಂದು ಕಚೇರಿಯ ಕಾಗದದ ಕಟ್ಟಿನ ಹೆಸರು, ಹಿಂದೆ ಅದು ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಸಿಟ್ಟು, ಬಳಪದಿಂದ ಬರೆಯುತ್ತಿದ್ದ ಬಟ್ಟೆಯ ಪುಸ್ತಕ.) ಸರ್ಕಾರದ ಕಡತಗಳು ಸರ್ಕಾರದ ಕೆಲಸಕ್ಕೆ ತಕ್ಕಂತೆ, ಇಲಾಖೆ ಮತ್ತು ವರ್ಷಗಳ ಕ್ರಮದಲ್ಲಿರುತ್ತವೆಯೇ ಹೊರತು ಮನೆತನಗಳ ಕ್ರಮದಲ್ಲಿರುವುದಿಲ್ಲ. ಕೆರೆಯ ದುರಸ್ತಿ, ಕಂದಾಯದ ಬಾಕಿ, ಪಟೇಲನ ಮೇಲಿನ ದೂರು ಇವುಗಳ ನಡುವೆ ಎಲ್ಲಿಯೋ ಒಂದು ಕಡೆ ಮುತ್ತಜ್ಜನ ಹೆಸರು ಹೊಳೆದರೆ ಅದು ಭಾಗ್ಯ. ಬಹುಪಾಲು ದಿನಗಳಲ್ಲಿ ಅದು ಹೊಳೆಯುವುದಿಲ್ಲ.

ಇಲ್ಲಿ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕಾಗುತ್ತದೆ. ವಂಶಶೋಧನೆಯನ್ನು ಕುರಿತ ಪಾಶ್ಚಾತ್ಯ ಗ್ರಂಥಗಳನ್ನು ಓದಿ ಹೊರಟವನು ಅಲ್ಲಿನ ದಾಖಲೆಗಳು ಇಲ್ಲಿಯೂ ಇರುತ್ತವೆಂದು ನಂಬುತ್ತಾನೆ. ಇಂಗ್ಲೆಂಡಿನ ಚರ್ಚುಗಳಲ್ಲಿ ನಾಮಕರಣ, ವಿವಾಹ, ಸಮಾಧಿಗಳನ್ನು 1538ರಿಂದ ದಾಖಲಿಸುವ ಕಟ್ಟಳೆಯಾಯಿತು. ಅಲ್ಲಿನ ಜನಗಣತಿಯ ಮನೆವಾರು ಹಾಳೆಗಳು ನೂರು ವರ್ಷ ಕಳೆದ ಮೇಲೆ ಸಾರ್ವಜನಿಕರಿಗೆ ತೆರೆದುಕೊಳ್ಳುತ್ತವೆ. 1921ರ ಹಾಳೆಗಳು 2022ರಲ್ಲಿ ತೆರೆದವು. ಭಾರತದಲ್ಲಿ ಹಾಗಿಲ್ಲ. 1948ರ ಜನಗಣತಿ ಅಧಿನಿಯಮದಂತೆ ಮನೆವಾರು ವಿವರಗಳು ಗೋಪ್ಯ. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂದದ್ದು 1969ರಲ್ಲಿ. ಅದಕ್ಕೆ ಹಿಂದೆ ಹುಟ್ಟಿದ ಅನೇಕರ ಜನ್ಮದಿನವನ್ನು ನಿಶ್ಚಯಿಸಿದವರು ಹೆತ್ತವರಲ್ಲ, ಶಾಲೆಯ ಮುಖ್ಯೋಪಾಧ್ಯಾಯರು! ಸೇರಿಸಿಕೊಳ್ಳಲು ವಯಸ್ಸು ಸರಿಹೋಗುವಂತೆ ಅವರು ಮೇ ಅಥವಾ ಜೂನ್ ತಿಂಗಳಿನ ಒಂದು ತಾರೀಖನ್ನು ಬರೆದುಕೊಂಡರು, ಅದೇ ಶಾಶ್ವತವಾಯಿತು. ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳು ಈ ಕಾರಣದಿಂದ ತಾರೀಖಿನ ವಿಷಯದಲ್ಲಿ ಅಷ್ಟು ನಂಬತಕ್ಕವಲ್ಲ. ಊರು, ಕಸುಬು, ತಂದೆಯ ಹೆಸರು ಇವುಗಳ ವಿಷಯದಲ್ಲಿ ಮಾತ್ರ ಅವು ಅಮೂಲ್ಯ.

ಹೀಗಿರುವಾಗ ಶೋಧಕನು ಕಾಗದವನ್ನು ಬಿಟ್ಟು ಮನುಷ್ಯರ ನೆನಪಿಗೆ ಮರಳಲೇಬೇಕು. ನೆನಪಿಗೆ ತನ್ನದೇ ಆದ ಪಂಚಾಂಗವುಂಟು. ಹಿರಿಯರು ಇಸವಿಯನ್ನು ಹೇಳುವುದಿಲ್ಲ. ‘ಧಾತು ಈಶ್ವರದ ಬರ’ದಲ್ಲಿ ಮುತ್ತಜ್ಜನು ಊರು ಬಿಟ್ಟನೆಂದೋ, ಪ್ಲೇಗಿನಲ್ಲಿ ಜನರು ಮನೆ ತೊರೆದು ಹೊಲದ ಗುಡಿಸಲಿನಲ್ಲಿದ್ದಾಗ ಅಜ್ಜಿಯು ಹುಟ್ಟಿದಳೆಂದೋ ಹೇಳುತ್ತಾರೆ. ಧಾತು ಸಂವತ್ಸರವು 1876-77, ಈಶ್ವರವು 1877-78. ಮೈಸೂರು ಸಂಸ್ಥಾನವನ್ನು ಸುಟ್ಟು ಬೂದಿಮಾಡಿದ ಆ ಬರವನ್ನು ಜನರು ಸಂವತ್ಸರದ ಹೆಸರಿನಿಂದಲೇ ಕರೆದರು. 1871ರ ಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ನಲವತ್ತೆರಡು ಲಕ್ಷಕ್ಕಿಳಿದಿತ್ತು. ಎಷ್ಟೋ ಮನೆತನಗಳ ವಂಶಾವಳಿಯು ಐದನೆಯ ತಲೆಮಾರಿನಲ್ಲಿ ತಟ್ಟನೆ ನಿಂತುಹೋಗುವುದೇಕೆಂಬುದಕ್ಕೆ ಈ ಎರಡು ಅಂಕಿಗಳಲ್ಲಿ ಉತ್ತರವಿದೆ. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಇಂಥ ಗುರುತುಗಳನ್ನು ಹಿಡಿದು ಲೆಕ್ಕ ಹಾಕಿದರೆ ಅಕ್ಷರವರಿಯದ ಅಜ್ಜಿಯ ಮಾತೂ ಇಸವಿಯನ್ನು ನುಡಿಯುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಸಂವತ್ಸರವು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಧಾತುವಿನಲ್ಲಿ ಹುಟ್ಟಿದವನೆಂದರೆ 1876ರವನೂ ಆಗಬಹುದು, 1936ರವನೂ ಆಗಬಹುದು. ತಾತನ ಹೆಸರನ್ನೇ ಮೊಮ್ಮಗನಿಗಿಡುವ ಮನೆಗಳಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ.

ನೆನಪನ್ನೇ ವೃತ್ತಿಯಾಗಿಸಿಕೊಂಡ ಒಂದು ಸಮುದಾಯವು ನಾಡಿನಲ್ಲಿರುವುದನ್ನು ನಗರದ ಶೋಧಕರು ಮರೆತಿರುತ್ತಾರೆ. ಹೆಳವರೆಂದರೆ ಮನೆತನಗಳ ಚರಿತ್ರೆಕಾರರು. ಹೆಳವ ಎಂಬ ಪದಕ್ಕೆ ಕುಂಟನೆಂಬ ಅರ್ಥವುಂಟು. ಕಂಬಳಿಯಿಂದ ಕಾಲುಗಳನ್ನು ಮುಚ್ಚಿಕೊಂಡು ಎತ್ತಿನ ಮೇಲೆ ಕುಳಿತು ಅವರು ಊರಿಗೆ ಬರುತ್ತಿದ್ದರು, ಮನೆಮನೆಯ ಮುಂದೆ ಆ ಮನೆಯ ಹಿರಿಯರ ಹೆಸರುಗಳನ್ನೂ ಯುದ್ಧದಲ್ಲಿ ಮಡಿದವರ ಕಥೆಗಳನ್ನೂ ಹೇಳುತ್ತಿದ್ದರೆಂದು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಬಳ್ಳಾರಿ ಸೀಮೆಯ ಹೆಳವರನ್ನು ಕುರಿತು ಬರೆದಿದ್ದಾನೆ. ಸುಗ್ಗಿಯಾದ ಮೇಲೆ ಬರುವ ಹೆಳವನಿಗೆ ಮನೆಯವರು ಕಾಳುಕಡಿಯನ್ನೂ ಬಟ್ಟೆಯನ್ನೂ ಕೊಟ್ಟು, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಳ್ಳಲು ಹೇಳುತ್ತಿದ್ದರು. ಮೂಲಪುರುಷನು ಯಾವ ಊರಿನಿಂದ ಬಂದನು, ಎಷ್ಟು ಮಂದಿ ಅಣ್ಣತಮ್ಮಂದಿರು ಎಲ್ಲೆಲ್ಲಿಗೆ ಚೆದುರಿದರು ಎಂಬುದು ಹೆಳವನ ಬಾಯಲ್ಲಿ ತಡವರಿಕೆಯಿಲ್ಲದೆ ಬರುತ್ತಿತ್ತು. ಹಳ್ಳಿ ಬಿಟ್ಟು ಬಂದವರಿಗೆ ಈಗ ಹೆಳವನೂ ಇಲ್ಲ. ಅವನು ಬಂದರೂ ಬಹುಮಹಡಿ ಕಟ್ಟಡದ ಗೇಟಿನಲ್ಲಿರುವ ಕಾವಲುಗಾರನು ಎತ್ತಿನೊಡನೆ ಅವನನ್ನು ಒಳಗೆ ಬಿಟ್ಟಾನೆಯೇ? ಜಯನಗರದ ಶೋಧಕನು ಪತ್ರಾಗಾರದಲ್ಲಿ ಕಳೆಯುವ ನಾಲ್ಕು ದಿನಗಳಲ್ಲಿ ಒಂದನ್ನು ತನ್ನ ಊರಿಗೆ ಹೋಗಿ, ಹಿಂದೆ ಬರುತ್ತಿದ್ದ ಹೆಳವನ ಮಕ್ಕಳು ಈಗ ಎಲ್ಲಿದ್ದಾರೆಂದು ವಿಚಾರಿಸಲು ಬಳಸಿದರೆ ಹೆಚ್ಚು ಫಲ ದೊರೆತೀತು.

ಬುಧವಾರದಂದು ನಮ್ಮ ಹವ್ಯಾಸಿಗೆ ಜಯದ ಗಳಿಗೆ ಬರುತ್ತದೆಯೆನ್ನೋಣ. ತಾಲ್ಲೂಕು ಕಚೇರಿಯಿಂದ ಹಳೆಯ ಪಹಣಿಯ ಪ್ರತಿಗಳೂ ಖಾತೆ ಬದಲಾವಣೆಯ ನಕಲುಗಳೂ ಅವನ ಕೈಸೇರುತ್ತವೆ. ಶ್ಯಾನುಭೋಗರ ಮೋಡಿ ಬರೆಹವನ್ನು ತಿಳಿದವರೊಬ್ಬರಿಂದ ಓದಿಸಿ, ರಾತ್ರಿಯೆಲ್ಲ ಕುಳಿತು ಅವನು ಒಂದು ದೊಡ್ಡ ಹಾಳೆಯ ಮೇಲೆ ವೃಕ್ಷವನ್ನು ಬರೆಯುತ್ತಾನೆ: ಅಜ್ಜ, ಅವನ ತಂದೆ, ಅವನ ತಂದೆ, ಅವರ ಅಣ್ಣತಮ್ಮಂದಿರು. ಬೆಳಗ್ಗೆ ಕಾಫಿಯ ಲೋಟವನ್ನು ತಂದಿಟ್ಟ ಹೆಂಡತಿಯು ಹಾಳೆಯನ್ನು ಒಮ್ಮೆ ನೋಡಿ, ‘ಇವರಿಗೆಲ್ಲ ತಾಯಂದಿರು ಇರಲಿಲ್ಲವೆ?’ ಎಂದು ಕೇಳಿದರೆ ಅವನಲ್ಲಿ ಉತ್ತರವಿರುವುದಿಲ್ಲ.

ಈ ಪ್ರಶ್ನೆಯೇ ಈ ಹವ್ಯಾಸದ ತಿರುಳು. ಭೂದಾಖಲೆಯು ಬರೆದುಕೊಳ್ಳುವುದು ಭೂಮಿಯು ಯಾರಿಂದ ಯಾರಿಗೆ ಹೋಯಿತೆಂಬುದನ್ನು. ಭೂಮಿಯು ತಂದೆಯಿಂದ ಮಗನಿಗೆ ಹೋದುದರಿಂದ ವೃಕ್ಷವೂ ತಂದೆಯಿಂದ ಮಗನಿಗೆ ಹೋಯಿತು. ಪೌತಿ ಖಾತೆಗಾಗಿ ಕಂದಾಯ ಇಲಾಖೆಗೆ ಕೊಡುವ ಕಾಗದಕ್ಕೆ ‘ವಂಶವೃಕ್ಷ’ವೆಂದೇ ಹೆಸರು, ವಾಸ್ತವವಾಗಿ ಅದು ವಂಶದ ವೃಕ್ಷವಲ್ಲ, ಆಸ್ತಿಯ ವೃಕ್ಷ. ಕರ್ನಾಟಕವು 1994ರಲ್ಲಿಯೂ ಕೇಂದ್ರವು 2005ರಲ್ಲಿಯೂ ಕಾನೂನನ್ನು ತಿದ್ದಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಾನ ಹಕ್ಕನ್ನು ಕೊಟ್ಟ ಮೇಲೆ ಅವರ ಹೆಸರುಗಳು ಆ ಕಾಗದದ ಮೇಲೆ ಬರತೊಡಗಿದವು. ಪಾಲು ಕೊಡಬೇಕಾದೀತೆಂದು ಹೆದರಿ ಮಗಳ ಹೆಸರನ್ನೇ ಬಿಟ್ಟು ಬರೆಸಿದ ವಂಶವೃಕ್ಷಗಳು ನ್ಯಾಯಾಲಯದ ಮೆಟ್ಟಿಲು ಹತ್ತುವುದು ಇಂದಿಗೂ ನಿಂತಿಲ್ಲ. ಹೆಣ್ಣು ಹೆಸರಾಗಿ ಕಾಣಿಸಿಕೊಳ್ಳಬೇಕಾದರೆ ಪಾಲುದಾರಳಾಗಿಯೇ ಕಾಣಿಸಿಕೊಳ್ಳಬೇಕಾಯಿತೆಂಬುದು ಹೆಮ್ಮೆಪಡುವ ಸಂಗತಿಯಲ್ಲ. ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳಲ್ಲಿಯೂ ತಂದೆ ಅಥವಾ ಪೋಷಕರಿಗೆ ಒಂದು ಅಂಕಣವಿರುತ್ತಿತ್ತು. ತಾಯಿಗೆ ಸಾಮಾನ್ಯವಾಗಿ ಇರುತ್ತಿರಲಿಲ್ಲ.

ಹಾಗಾದರೆ ಮನೆಯ ಹೆಣ್ಣುಮಕ್ಕಳ ಹೆಸರುಗಳು ಎಲ್ಲಿಯೂ ಉಳಿದಿಲ್ಲವೆ? ಉಳಿದಿವೆ, ಆದರೆ ಕಚೇರಿಯಲ್ಲಿ ಅಲ್ಲ, ಅಡುಗೆಮನೆಯಲ್ಲಿ. ಮದುವೆಯಲ್ಲಿ ತವರಿನವರು ಕೊಟ್ಟ ಕೊಳಗ, ಬಿಂದಿಗೆ, ತಟ್ಟೆಗಳ ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಕೊರೆಸಿದ ಹೆಸರುಗಳಿರುತ್ತವೆ. ಕೊಟ್ಟವರ ಹೆಸರು, ಪಡೆದವಳ ಹೆಸರು, ಕೆಲವೊಮ್ಮೆ ಊರು, ತಾರೀಖು. ಗಂಡಸಿನ ಹೆಸರು ಪಹಣಿಯ ಮೇಲೆ, ಹೆಂಗಸಿನ ಹೆಸರು ಪಾತ್ರೆಯ ಮೇಲೆ. ಪಹಣಿಯನ್ನು ಸರ್ಕಾರವು ಜೋಪಾನ ಮಾಡಿತು, ‘ಭೂಮಿ’ ಯೋಜನೆಯಲ್ಲಿ ಗಣಕಯಂತ್ರಕ್ಕೂ ಏರಿಸಿತು. ಪಾತ್ರೆಯನ್ನು ಮಾತ್ರ ಹಳೆಯದಾಯಿತೆಂದು ಅಂಗಡಿಗೆ ಹಾಕಿ, ತೂಕಕ್ಕೆ ತೂಕ ಬೆಲೆ ಕಟ್ಟಿಸಿ, ಸ್ಟೀಲಿನದನ್ನು ತಂದರು. ಕರಗಿಹೋದದ್ದು ಹಿತ್ತಾಳೆಯೊಂದೇ ಅಲ್ಲ.

ಇದಕ್ಕಿಂತ ಬೆಲೆಯುಳ್ಳ ಇನ್ನೊಂದು ವಸ್ತುವೆಂದರೆ ಮದುವೆಯ ಮುಯ್ಯಿ ಪುಸ್ತಕ. ಇಂಥ ಊರಿನ ಇಂಥವರಿಂದ ಎರಡು ರೂಪಾಯಿ, ಸೋದರಮಾವನಿಂದ ಒಂದು ಸೀರೆ, ಬೀಗರ ಕಡೆಯವರಿಂದ ಐದು ರೂಪಾಯಿ ಎಂದು ಸಾಲುಸಾಲಾಗಿ ಬರೆದಿಟ್ಟ ಆ ಪುಸ್ತಕವನ್ನು ಯಾರೂ ಚರಿತ್ರೆಗೆಂದು ಬರೆದದ್ದಲ್ಲ. ಮುಯ್ಯಿಯನ್ನು ಮುಂದೆ ಅವರ ಮನೆಯ ಶುಭಕಾರ್ಯದಲ್ಲಿ ಹಿಂದಿರುಗಿಸಬೇಕಾದುದರಿಂದ, ಋಣದ ಲೆಕ್ಕವಾಗಿ ಬರೆದರು. ಆದಕಾರಣವೇ ಅದರಲ್ಲಿ ಹೊಗಳಿಕೆಯಿಲ್ಲ, ಸುಳ್ಳಿಗೆ ಆಸ್ಪದವೂ ಕಡಿಮೆ. ಅಜ್ಜಿಯ ತವರು ಯಾವುದು, ಅವಳ ಅಕ್ಕತಂಗಿಯರನ್ನು ಎಲ್ಲೆಲ್ಲಿಗೆ ಕೊಟ್ಟಿದ್ದರು, ಯಾವ ಜಾತಿಯ ನೆರೆಯವರು ಆ ಮನೆಯ ಮದುವೆಗೆ ಬಂದು ಮುಯ್ಯಿ ಮಾಡಿದರು ಎಂಬುದೆಲ್ಲವೂ ಒಂದೇ ಪುಸ್ತಕದಲ್ಲಿ ದೊರೆಯುತ್ತದೆ. ಇಡೀ ಪತ್ರಾಗಾರವು ಹೇಳದ ಮಾತನ್ನು ನಲವತ್ತು ಪುಟದ ಒಂದು ಪುಸ್ತಕವು ಹೇಳಬಲ್ಲುದು.

ಹೆಸರೇ ಮರೆತುಹೋದ ಕಡೆಯಲ್ಲಿಯೂ ದಾರಿ ಪೂರ್ತಿ ಮುಚ್ಚಿರುವುದಿಲ್ಲ. ಸೊಸೆಯನ್ನು ಅವಳ ತವರೂರಿನಿಂದ ಕರೆಯುವ ರೂಢಿಯು ಹಳ್ಳಿಗಳಲ್ಲಿತ್ತು: ಹೊಸದುರ್ಗದವಳು, ಹಿರಿಯೂರಿನವಳು. ಹೆಸರು ಅಳಿದರೂ ಊರು ಉಳಿಯಿತು. ಇನ್ನು ಗಂಡನ ಹೆಸರನ್ನು ನೇರವಾಗಿ ನುಡಿಯಬಾರದೆಂದು ಹೆಣ್ಣುಮಕ್ಕಳು ಅದನ್ನು ಒಡಪಿನಲ್ಲಿ ಸೇರಿಸಿ ಹೇಳುತ್ತಿದ್ದರಷ್ಟೆ. ಎಂಬತ್ತು ದಾಟಿದ ಸೋದರತ್ತೆಯೊಬ್ಬಳು ಚಿಕ್ಕಂದಿನಲ್ಲಿ ಕೇಳಿದ ಒಡಪನ್ನು ನೆನೆದು ಹೇಳಿದಾಗ ಅದರ ಕೊನೆಯಲ್ಲಿ ಮುತ್ತಜ್ಜನ ಹೆಸರು ಸಿಕ್ಕೀತು. ಶೋಧಕನು ಅವಳನ್ನು ನೋಡಲು ಬನಶಂಕರಿಗೆ ಹೋಗುವುದು ಹತ್ತು ನಿಮಿಷದ ದಾರಿ. ವಿಧಾನಸೌಧಕ್ಕೆ ನಾಲ್ಕು ಬಾರಿ ಹೋದವನು ಬನಶಂಕರಿಗೆ ಒಮ್ಮೆಯೂ ಹೋಗಿರುವುದಿಲ್ಲ! ಕಾಗದವು ಇನ್ನೂ ನೂರು ವರ್ಷ ಕಾದೀತು, ಅತ್ತೆಯು ಕಾಯಲಾರಳು ಎಂಬಷ್ಟು ವಿವೇಕವಾದರೂ ಬೇಡವೆ?

ಕಾಗದವಾದರೂ ಎಲ್ಲ ಕಡೆಯಲ್ಲಿ ಕಾಯುತ್ತದೆಂದು ಹೇಳುವಂತಿಲ್ಲ. ಜಯನಗರ, ಬನಶಂಕರಿಗಳ ಹಳೆಯ ಮನೆಗಳನ್ನು ಕೆಡವಿ ಮಹಡಿಮನೆಗಳನ್ನು ಎಬ್ಬಿಸುತ್ತಿರುವ ಈ ದಿನಗಳಲ್ಲಿ ಅಟ್ಟದ ಮೇಲಿದ್ದುದೆಲ್ಲವೂ ಒಂದೇ ಮಧ್ಯಾಹ್ನದಲ್ಲಿ ರದ್ದಿಯ ಅಂಗಡಿ ಸೇರುತ್ತದೆ. ಲಗ್ನಪತ್ರಿಕೆ, ಜಾತಕ, ಮುಯ್ಯಿ ಪುಸ್ತಕ, ಹೆಸರಿಲ್ಲದ ಭಾವಚಿತ್ರ, ಎಲ್ಲಕ್ಕೂ ಕಿಲೋ ಲೆಕ್ಕದ ಬೆಲೆ. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಗಳಲ್ಲಿಯೂ ಮಠಗಳಲ್ಲಿಯೂ ಬಿದ್ದಿದ್ದ ತಾಡವೋಲೆಗಳನ್ನು ಅರಸಿ ಸಂಗ್ರಹಿಸದಿದ್ದರೆ 1923ರಲ್ಲಿ ‘ವಚನಶಾಸ್ತ್ರಸಾರ’ವು ಹೊರಬರುತ್ತಿರಲಿಲ್ಲ. ಅವರಿಗೂ ಅದು ಹೊಟ್ಟೆಪಾಡಿನ ಕೆಲಸವಾಗಿರಲಿಲ್ಲ. ಮನೆಯ ಮೂಲೆಯಲ್ಲಿರುವ ಓಲೆಗೆ ಬೆಲೆಯುಂಟೆಂದು ಬಲ್ಲವನೊಬ್ಬನು ಸಕಾಲದಲ್ಲಿ ಬಾಗಿಲು ತಟ್ಟಿದ್ದರಿಂದ ಅದು ಉಳಿಯಿತು.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಇನ್ನೂರು ಕಿಲೋಮೀಟರ್ ದೂರದ ತನ್ನ ಮುತ್ತಜ್ಜನ ಹೊಲವನ್ನು ಹುಡುಕುವ ಹವ್ಯಾಸಿಯು, ತನ್ನ ಮನೆಯು ಯಾರ ಹೊಲದ ಮೇಲೆ ನಿಂತಿದೆಯೆಂದು ಎಂದಾದರೂ ಕೇಳಿಕೊಂಡಿದ್ದಾನೆಯೆ? ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬೀಳುವ ಮುನ್ನ ಇಲ್ಲಿದ್ದುದು ಬಯಲಲ್ಲ. ಭೈರಸಂದ್ರ, ಯಡಿಯೂರು, ಸಿದ್ದಾಪುರ, ಮಾರೇನಹಳ್ಳಿ, ಸಾರಕ್ಕಿ ಎಂಬ ಊರುಗಳು, ಅವುಗಳ ಕೆರೆಗಳು, ಗದ್ದೆಗಳು. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳೊಳಗೆ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಅಡಗಿ ಕುಳಿತಿವೆ. 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯೂ, 1976ರಿಂದ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಬಡಾವಣೆಗಳಿಗಾಗಿ ರೈತರ ಜಮೀನುಗಳನ್ನು ಸ್ವಾಧೀನಪಡಿಸಿಕೊಂಡವು. ಆ ಅಧಿಸೂಚನೆಗಳು ರಾಜ್ಯಪತ್ರದಲ್ಲಿ ಅಚ್ಚಾಗಿವೆ. ಸರ್ವೆ ನಂಬರು, ಖಾತೆದಾರನ ಹೆಸರು, ವಿಸ್ತೀರ್ಣಗಳು ಅಲ್ಲಿವೆ. ಅವರ ಮೊಮ್ಮಕ್ಕಳಲ್ಲಿ ಹಲವರು ಅದೇ ಹಳೆಯ ಊರಿನ ಇಕ್ಕಟ್ಟಾದ ಬೀದಿಗಳಲ್ಲಿ ಇಂದಿಗೂ ವಾಸವಾಗಿದ್ದಾರೆ, ಗ್ರಾಮದೇವತೆಯ ಜಾತ್ರೆಯನ್ನೂ ಬಿಟ್ಟಿಲ್ಲ. ಮನೆತನದ ಚರಿತ್ರೆಯನ್ನು ಬರೆಯುವವನು ತನ್ನ ನಿವೇಶನದ ಸರ್ವೆ ನಂಬರನ್ನೂ ಆ ಹಳೆಯ ಖಾತೆದಾರನ ಹೆಸರನ್ನೂ ಒಂದು ಪುಟದಲ್ಲಿ ಬರೆದಿಟ್ಟರೆ ಅದು ಅವನ ಚರಿತ್ರೆಯೇ ಆಗುತ್ತದೆ.

ಈ ನೆಲದ ಮೇಲೆ ಮನೆತನದ ನೋವು ಕಲ್ಲಿನಲ್ಲಿ ಕೊರೆದು ನಿಂತಿರುವುದು ಇಂದು ನಿನ್ನೆಯ ಮಾತಲ್ಲ. ಬಿ.ಟಿ.ಎಂ. ಬಡಾವಣೆಯಿಂದ ಕೆಲವೇ ಮೈಲಿ ದೂರದ ಬೇಗೂರಿನಲ್ಲಿ, ನಾಗೇಶ್ವರ ದೇವಾಲಯದ ಆವರಣದಲ್ಲಿ, ಸುಮಾರು ಕ್ರಿ.ಶ. 890ರ ಶಾಸನವೊಂದಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿಯು ಸತ್ತನೆಂದು ಅದು ಹೇಳುತ್ತದೆ. ಈ ಮಹಾನಗರದ ಹೆಸರು ಮೊದಲು ಕಾಣಿಸಿಕೊಂಡದ್ದು ಮಗನನ್ನು ಕಳೆದುಕೊಂಡ ಒಂದು ಮನೆತನದ ದಾಖಲೆಯಲ್ಲಿ. ಅಲ್ಲಿಯೂ ತಂದೆಯ ಹೆಸರುಂಟು, ಮಗನ ಹೆಸರುಂಟು, ಹೆತ್ತವಳ ಹೆಸರಿಲ್ಲ.

ಹುಟ್ಟಿನ ಹಿರಿಮೆಯನ್ನು ಅಲ್ಲಗಳೆದ ಶರಣರ ನಾಡಿನಲ್ಲಿ ವಂಶವನ್ನು ಹುಡುಕುವುದೇ ಅಪಚಾರವಲ್ಲವೆ ಎಂದು ಕೇಳುವವರಿದ್ದಾರೆ. ಬಸವಣ್ಣನವರು ಮಾದಾರ ಚೆನ್ನಯ್ಯನನ್ನು ತಂದೆಯೆಂದು ಕರೆದುಕೊಂಡವರು. ಅವರಿಗೆ ವಂಶಾವಳಿಯ ಹಂಗಿರಲಿಲ್ಲ. ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಯಾವುದಾದರೊಂದು ರಾಜಮನೆತನದ ಬಾಲಕ್ಕೆ ತನ್ನ ಮನೆತನವನ್ನು ಗಂಟುಹಾಕುವುದಕ್ಕಾಗಿಯೇ ಈ ಹವ್ಯಾಸವನ್ನು ಹಿಡಿದವರೂ ಉಂಟು, ಅಂಥವರು ಹಿಡಿಯದಿದ್ದರೇ ಒಳಿತು. ಆದರೆ ಪ್ರಾಮಾಣಿಕವಾಗಿ ಹುಡುಕಿದವನಿಗೆ ಸಿಕ್ಕುವುದು ಕಿರೀಟವಲ್ಲ. ಬರದಲ್ಲಿ ಊರು ಬಿಟ್ಟು ಬಂದವನು, ದತ್ತು ಬಂದವನು, ಮನೆಅಳಿಯನಾಗಿ ನಿಂತವನು, ಸಾಲಕ್ಕೆ ಹೊಲ ಮಾರಿದವನು, ಕೂಸಿರುವಾಗಲೇ ತೀರಿಕೊಂಡ ಐದು ಮಕ್ಕಳ ತಾಯಿ, ಇವರೇ ಸಿಕ್ಕುವವರು. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿಯು 1965ರಲ್ಲಿ ಬಂದಾಗ ಓದುಗರನ್ನು ಕಲಕಿದ್ದು ಇದೇ ಕಾರಣದಿಂದ. ವಂಶದ ಶುದ್ಧಿಯನ್ನೇ ನೆಚ್ಚಿ ಬಾಳಿದ ಶ್ರೋತ್ರಿಯರಿಗೆ ತಮ್ಮ ಹುಟ್ಟಿನ ಸತ್ಯವು ಹಳೆಯ ಕಾಗದಗಳಲ್ಲಿ ಎದುರಾ‌ಗುತ್ತದೆ. ಅಂಥ ಸತ್ಯವು ಸಿಕ್ಕಿದಾಗ ಮುಚ್ಚಿಡದೆ ಬರೆಯುವ ಧೈರ್ಯವಿಲ್ಲದವನ ವಂಶಾವಳಿಯು ಹೊಗಳುಭಟ್ಟರ ಪದ್ಯಕ್ಕಿಂತ ಮೇಲಲ್ಲ.

ಬೇಸಗೆಯ ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗಳು ಈ ಕೆಲಸವನ್ನು ನಿವೃತ್ತರಿಗೇ ಬಿಡಬೇಕಾಗಿಲ್ಲ. ಇನ್ನೂರು ಪುಟದ ಒಂದು ನೋಟುಪುಸ್ತಕ ಸಾಕು. ಅಜ್ಜಿಯ ಮಾತನ್ನು ಕೈಯಲ್ಲಿರುವ ಫೋನಿನಲ್ಲಿಯೇ ಧ್ವನಿಮುದ್ರಿಸಿಕೊಳ್ಳಬಹುದು. ಆದರೆ ಅದನ್ನು ಕಾಗದದ ಮೇಲೆಯೂ ಇಳಿಸಬೇಕು, ಏಕೆಂದರೆ ಫೋನು ಮೂರು ವರ್ಷ ಬಾಳಿದರೆ ಹೆಚ್ಚು. ತಾಯಿಯ ತಾಯಿ, ಅವಳ ತಾಯಿ ಎಂದು ಮೊದಲು ಹೆಣ್ಣಿನ ದಾರಿಯಲ್ಲಿ ಕೇಳುತ್ತ ಹೋಗಬೇಕು. ಗಂಡಿನ ದಾರಿಗೆ ಪಹಣಿ ಹೇಗೂ ಇದೆ. ಭಾವಚಿತ್ರಗಳ ಬೆನ್ನಿಗೆ ಪೆನ್ಸಿಲಿನಿಂದ ಹೆಸರು ಬರೆದಿಡಬೇಕು. ಅಜ್ಜಿಯು ಅಡುಗೆಮನೆಗೆ ಎದ್ದುಹೋದರೆ ಹಿಂದೆಯೇ ಹೋಗಬೇಕು. ಗೂಡಿನಿಂದ ಹಳೆಯ ಪಾತ್ರೆಯೊಂದನ್ನು ಇಳಿಸಿ, ಅಂಚಿನ ಧೂಳನ್ನು ಒರೆಸಿ, ಅದರ ಮೇಲಿರುವುದು ಯಾರ ಹೆಸರೆಂದು ಕೇಳಬೇಕು. ಬರೆದುದರ ಒಂದು ಪ್ರತಿಯು ಮನೆಯಲ್ಲಿಯೂ ಇನ್ನೊಂದು ಶಾಲೆಯ ಗ್ರಂಥಾಲಯದಲ್ಲಿಯೂ ಇರುವುದಾದರೆ, ಯಾವ ಮನೆಯ ಅಟ್ಟ ಖಾಲಿಯಾದರೂ ಹೆದರಬೇಕಾಗಿಲ್ಲ.